ಎರಡರಿಂದ ನಾಲ್ಕರ ಪಾಳಿ

ರಾತ್ರಿ ಎರಡರಿಂದ ನಾಲ್ಕರ ಪಾಳಿ ಯಾವಾಗಲೂ ನಮ್ಮ ಅಜ್ಜನದೇ.

ಶ್ರಾವಣ ಬಂತೆಂದರೆ ಹೊಳಲ್ಕೆರೆ ಕಡೆಯ ನಮ್ಮ ಹಳ್ಳಿಯ ಆಂಜನೇಯನ ಗುಡಿಯಲ್ಲಿ ಸಪ್ತ ಭಜನೆ ಶುರುವಾಗುತ್ತಿತ್ತು. ಏಳು ದಿನ, ಹಗಲು ರಾತ್ರಿ. ಒಂದು ತಂಡ ಏಳುವ ಮುಂಚೆಯೇ ಇನ್ನೊಂದು ತಂಡ ಬಂದು ಕೂರಬೇಕು. ಹಾಡು ಬೇಕಾದರೆ ತಪ್ಪಲಿ, ದನಿ ಬೇಕಾದರೆ ಒಡೆಯಲಿ, ತಾಳ ಮಾತ್ರ ನಿಲ್ಲಬಾರದು. ಸಂಜೆಯ ಪಾಳಿಗೆ ಗುಡಿ ತುಂಬ ಜನ ಇರುತ್ತಿದ್ದರು. ಮಂಡಕ್ಕಿ, ಚಹಾ, ಮಕ್ಕಳ ಗಲಾಟೆ ಎಲ್ಲ ಇರುತ್ತಿತ್ತು. ಎರಡರ ಪಾಳಿಗೆ ಮೂರೋ ನಾಲ್ಕೋ ಮಂದಿ.

ನನಗೆ ಒಂಬತ್ತು ವರ್ಷ ಇದ್ದಾಗ ಒಂದು ರಾತ್ರಿ ಹಟ ಮಾಡಿ ಅಜ್ಜನ ಜೊತೆ ಹೋದೆ. ಮೂರು ಗಂಟೆಯ ಹೊತ್ತಿಗೆ ಹಾರ್ಮೋನಿಯಂ ಹಿಡಿದವರು ಹಾಗೇ ತೂಕಡಿಸಿದರು. ಇನ್ನೊಬ್ಬರು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು. ಉಳಿದಿದ್ದು ಅಜ್ಜನ ಕೈಯ ತಾಳ ಒಂದೇ. ಅದೂ ಒಂದು ಗಳಿಗೆ ಜಾರಿತು. ಒಂದೇ ಒಂದು ಏಟು ತಪ್ಪಿದ್ದು, ಅಷ್ಟೇ. ಆ ಸಂದಿನಲ್ಲಿ ಹೊರಗಿನ ಕತ್ತಲೆಲ್ಲ ಒಮ್ಮೆಗೇ ಒಳಗೆ ನುಗ್ಗಿದ ಹಾಗಾಯಿತು. ಹುಳುಗಳ ಸದ್ದು, ಅರಳಿ ಮರದ ಎಲೆ, ಎಲ್ಲೋ ಒಂದು ನಾಯಿ. ಅಜ್ಜ ತಕ್ಷಣ ಮತ್ತೆ ಹಿಡಿದರು.

‘ತಾಳ ನಿಂತ್ರೆ ಏನಾಗುತ್ತೆ ಅಜ್ಜ?’ ಅಂತ ಕೇಳಿದೆ.

‘ನಿಂತಿಲ್ಲ ಅಲ್ಲೇನಪ್ಪ. ಯಾಕೆ ಕೇಳ್ತೀಯ?’ ಅಂದರು.

ಆ ಒಂದು ಏಟಿನ ಸಂದು ನನಗೆ ಮತ್ತೆ ಕೇಳಿಸಿದ್ದು ತುಂಬಾ ವರ್ಷಗಳ ನಂತರ, ಒಂದು ಸಿನಿಮಾ ನೋಡುವಾಗ. 2018ರಲ್ಲಿ ಬಂದ ‘ದ ನನ್’. ಚಿತ್ರದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ, ಐದು ಮಂದಿ ಗೆಳೆಯರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದ್ದೆವು.

ಕಥೆ 1952ರ ರೊಮೇನಿಯಾದ್ದು. ಗುಡ್ಡಗಾಡಿನ ನಡುವೆ ಸನ್ಯಾಸಿನಿಯರ ಒಂದು ಮಠ. ಮೊದಲು ಅದು ಒಬ್ಬ ಪಾಳೆಯಗಾರನಂಥ ದೊರೆಯ ಕೋಟೆಯಾಗಿತ್ತು. ಅವನು ಮಾಟ ಮಂತ್ರ ಮಾಡಿ ನೆಲದಡಿಯಿಂದ ಕೆಟ್ಟದ್ದೊಂದನ್ನು ಕರೆಯಲು ಹೋದ. ಚರ್ಚಿನ ಯೋಧರು ನುಗ್ಗಿ ಅವನನ್ನು ಕೊಂದು, ಯೇಸುವಿನ ರಕ್ತ ಇದ್ದ ಒಂದು ಕುಪ್ಪಿಯ ಶಕ್ತಿಯಿಂದ ಆ ಬಾಯಿ ಮುಚ್ಚಿದರು. ಆಮೇಲೆ ಅಲ್ಲಿ ಮಠ ಬಂತು. ಮಹಾಯುದ್ಧದ ಬಾಂಬು ಬಿದ್ದು ನೆಲ ಅದುರಿದಾಗ ಮುಚ್ಚಿದ್ದ ಬಾಯಿ ಮತ್ತೆ ಬಿರುಕು ಬಿಟ್ಟಿತು. ಅವತ್ತಿನಿಂದ ಸನ್ಯಾಸಿನಿಯರು ಪಾಳಿ ಹಾಕಿಕೊಂಡು ಬಿಡದೆ ಪ್ರಾರ್ಥನೆ ಮಾಡುತ್ತಿದ್ದಾರೆ. ಒಬ್ಬಳು ಪ್ರಾಣ ಕಳೆದುಕೊಂಡಾಗ ವ್ಯಾಟಿಕನ್ ಒಬ್ಬ ಪಾದ್ರಿಯನ್ನೂ ಇನ್ನೂ ದೀಕ್ಷೆ ತೆಗೆದುಕೊಳ್ಳದ ಒಬ್ಬ ಹುಡುಗಿಯನ್ನೂ ವಿಚಾರಿಸಲು ಕಳಿಸುತ್ತದೆ. ದಾರಿ ತೋರಿಸಲು, ಮಠಕ್ಕೆ ದಿನಸಿ ತಂದುಕೊಡುವ ಒಬ್ಬ ಯುವಕ.

ಸಿನಿಮಾ ಪೂರ್ತಿ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಕತ್ತಲಿಂದ ಒಂದು ಮುಖ, ಜೋರು ಸದ್ದು, ಮತ್ತೆ ಅದೇ ಮುಖ. ಅದು ಜಾಸ್ತಿಯಾಯಿತು. ಗೋರಿಗಳ ಮೇಲೆ ಕಟ್ಟಿದ ಗಂಟೆಗಳು ಚೆನ್ನಾಗಿವೆ. ಜೀವ ಇರುವಾಗಲೇ ಹೂತುಬಿಟ್ಟರೆ ಒಳಗಿಂದ ಹಗ್ಗ ಎಳೆಯಲಿ ಅಂತ ಕಟ್ಟಿದ್ದು. ಪಾದ್ರಿಯೇ ಒಂದು ಗೋರಿಯೊಳಗೆ ಸಿಕ್ಕಿಕೊಂಡಾಗ, ಆ ಹುಡುಗಿ ಯಾವ ಗಂಟೆ ಅಂತ ಹುಡುಕುತ್ತಾ ಓಡುತ್ತಾಳೆ.

ಆದರೆ ನನ್ನನ್ನು ಹಿಡಿದಿದ್ದು ಪ್ರಾರ್ಥನೆಯ ದೃಶ್ಯ. ಹುಡುಗಿ ಆ ಸನ್ಯಾಸಿನಿಯರ ನಡುವೆ ಕೂತು ಅವರ ಜೊತೆ ಪ್ರಾರ್ಥನೆ ಮಾಡುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಪ್ರಾಣ ಕಳೆದುಕೊಂಡವಳೇ ಆ ಮಠದ ಕೊನೆಯ ಸನ್ಯಾಸಿನಿ. ಇವಳು ಅಲ್ಲಿ ಒಬ್ಬಳೇ ಕೂತಿದ್ದಳು. ಪಾಳಿ ಹಿಡಿದವರೆಲ್ಲ ಯಾವಾಗಲೋ ಸತ್ತುಹೋಗಿದ್ದರು.

ಗೆಳೆಯರು ದೆವ್ವದ ಮುಖಕ್ಕೆ ಬೆಚ್ಚುತ್ತಿದ್ದರು. ನನಗೆ ಅಜ್ಜನ ಕೈ ಜಾರಿದ್ದು ನೆನಪಾಗಿ ಮೈ ಜುಂ ಅಂದಿತು.

ನಮ್ಮ ಗುಂಪಿನ ಒಬ್ಬ ಗೆಳತಿ ಕ್ರೈಸ್ತಳು. ಅವಳ ಚಿಕ್ಕಮ್ಮ ಸಿಸ್ಟರ್. ಆ ಪ್ರಾರ್ಥನೆ ಸಿನಿಮಾದವರು ಕಟ್ಟಿದ್ದಲ್ಲ ಅಂತ ಅವಳೇ ಹೇಳಿದಳು. ಪರಮ ಪ್ರಸಾದದ, ಅಂದರೆ ಯೇಸುವಿನ ದೇಹವೆಂದು ಅವರು ನಂಬುವ ರೊಟ್ಟಿಯ ಮುಂದೆ ಹಗಲು ರಾತ್ರಿ ಯಾರಾದರೂ ಒಬ್ಬರು ಇರಲೇಬೇಕು ಎಂಬ ನಿರಂತರ ಆರಾಧನೆ ನಿಜವಾಗಿಯೂ ಇದೆ. ಗಂಟೆ ಗಂಟೆಗೆ ಪಾಳಿ. ಒಬ್ಬರು ಏಳುವ ಮುಂಚೆ ಇನ್ನೊಬ್ಬರು ಬಂದು ಮೊಣಕಾಲೂರಬೇಕು. ‘ರಾತ್ರಿ ಪಾಳಿಗೆ ಜನ ಸಿಗೋದೇ ಕಷ್ಟ ಅಂತೆ’ ಅಂದಳು. ನಾನು ನಮ್ಮ ಸಪ್ತ ಭಜನೆಯ ಕಥೆ ಹೇಳಿದೆ. ಆ ರಾತ್ರಿ ನಾವು ಸಿನಿಮಾದ ಬಗ್ಗೆ ಕಡಿಮೆ, ಪಾಳಿಯ ಬಗ್ಗೆ ಜಾಸ್ತಿ ಮಾತಾಡಿದೆವು.

ಈಗ ಆಟದ ವಿಷಯ ಹೇಳಬೇಕು. ಶನಿವಾರ ರಾತ್ರಿ ನಾವು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಯಲಾಟದ ಹಾಗೆ. ಆದರೆ ವೇಷ ಇಲ್ಲ, ಬಾಯಿಪಾಠದ ಮಾತಿಲ್ಲ, ನೋಡುವ ಜನರೂ ಇಲ್ಲ. ಭಾಗವತನ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ಎದುರಿಗೆ ಏನಿದೆ ಅಂತ ಅವನು ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರ ಆಗಿ ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಅಂತ ಅನುಮಾನ ಬಂದರೆ ದಾಳ ಹಾಕುತ್ತಾರೆ. ನಮ್ಮ ಗುಂಪಿನಲ್ಲಿ ಗೇಮ್ ಮಾಸ್ಟರ್ ನಾನು.

ಈ ಆಟಕ್ಕೂ ಹೆದರಿಸುವ ಸಿನಿಮಾಕ್ಕೂ ಹುಟ್ಟಿನಿಂದಲೇ ನಂಟಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತಂದದ್ದು 1974ರಲ್ಲಿ. ಅದಕ್ಕೂ ಮುಂಚೆ ಆರ್ನೆಸನ್ ತನ್ನ ಗೆಳೆಯರಿಗೆ ಬ್ಲ್ಯಾಕ್‌ಮೂರ್ ಎಂಬ ಕೋಟೆಯ ನೆಲಮಾಳಿಗೆಯಲ್ಲಿ ಆಟ ಆಡಿಸುತ್ತಿದ್ದ. ಅಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ವ್ಯಾಂಪೈರ್ ಆಗಿಬಿಟ್ಟಿತು. ಅದನ್ನು ಯಾರಿಂದಲೂ ತಡೆಯಲು ಆಗಲಿಲ್ಲ. ಆಗ ಅದರ ಎದುರು ನಿಲ್ಲಲು ಒಂದು ಹೊಸ ಪಾತ್ರ ಬಂತು. ಹಳೆಯ ಡ್ರಾಕುಲಾ ಸಿನಿಮಾಗಳಲ್ಲಿ ಶಿಲುಬೆ ಹಿಡಿದು ನಿಲ್ಲುವ ಬೇಟೆಗಾರನ ಹಾಗೆ. ಅದೇ ಕ್ಲೆರಿಕ್, ಅಂದರೆ ದೇವರ ಹೆಸರು ಹಿಡಿದು ಸತ್ತವರನ್ನು ಹಿಂದಕ್ಕೆ ಅಟ್ಟುವವನು. 1974ರ ಪುಸ್ತಕದಲ್ಲಿ ಅದಕ್ಕೊಂದು ಪಟ್ಟಿಯೇ ಇದೆ. ಎರಡು ಆರು ಮುಖದ ದಾಳ ಹಾಕಬೇಕು. ಎದುರಿಗಿರುವುದು ಎಷ್ಟು ಬಲದ್ದು ಅಂತ ನೋಡಿ, ಅದು ಓಡಿತೋ ಇಲ್ಲವೋ ತೀರ್ಮಾನ.

ಇದನ್ನು ಓದಿದಾಗ ತುಂಬಾ ಖುಷಿಯಾಗಿತ್ತು. ಆದರೆ ಆಡುತ್ತಾ ಆಡುತ್ತಾ ಒಂದು ಕೊರತೆ ಕಾಣಿಸಿತು. ಆ ಪಟ್ಟಿಯಲ್ಲಿ ಭಕ್ತಿ ಒಂದು ಆಯುಧ. ಬೇಕಾದಾಗ ಒರೆಯಿಂದ ತೆಗೆಯಬಹುದು, ಬೀಸಬಹುದು, ಮತ್ತೆ ಒಳಗಿಡಬಹುದು. ನಾನು ಕಂಡ ಭಕ್ತಿ ಹಾಗಿರಲಿಲ್ಲ. ಅದು ಕಾವಲಿನ ಹಾಗೆ. ಬೇಜಾರಾದರೂ, ನಿದ್ದೆ ಬಂದರೂ, ಯಾರೂ ನೋಡದಿದ್ದರೂ ಮಾಡುತ್ತಲೇ ಇರಬೇಕಾದ ಕೆಲಸ. ‘ದ ನನ್’ನ ಕೋಟೆ ನನಗೆ ಕೊಟ್ಟಿದ್ದು ಇದನ್ನೇ. ಅಲ್ಲಿ ಹೆದರಿಕೆ ಇರುವುದು ಕಾವಲು ತಪ್ಪಿದ ಜಾಗದಲ್ಲಿ.

ಕಾವಲು ಅಂದ ಮೇಲೆ ದುರ್ಗದವರಿಗೆ ಬೇರೆ ಹೇಳಬೇಕಾ? ನಾವು ಓದಿದ್ದೇ ಏಳು ಸುತ್ತಿನ ಕೋಟೆಯ ನೆರಳಲ್ಲಿ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಅಂತ ಲೆಕ್ಕ ಹೇಳುತ್ತಾರೆ. ನಮ್ಮ ಆಟಕ್ಕೂ ಒಂದು ಕೋಟೆ ಕಟ್ಟಬೇಕು ಅಂದುಕೊಂಡೆ. ಅದರ ನಕ್ಷೆ ಬರೆಯುವ ಮುಂಚೆ ನಾನು ಎರಡು ಭಾನುವಾರ ಸುಮ್ನೆ ಬೆಟ್ಟ ಹತ್ತಿದೆ. ಬಾಗಿಲು ದಾಟಿದ ತಕ್ಷಣ ದಾರಿ ತಿರುಗುತ್ತದೆ. ಮುಂದೆ ಏನಿದೆ ಅಂತ ಕಾಣುವುದೇ ಇಲ್ಲ. ಗೋಡೆಯ ಮೇಲೆ ನಿಂತವನಿಗೆ ನೀವು ಕಾಣುತ್ತೀರಿ, ನಿಮಗೆ ಅವನು ಕಾಣುವುದಿಲ್ಲ. ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳು, ಎಣ್ಣೆ ಕೊಳ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಒಂದು ಕೋಟೆ ನಡೆಯಲು ಎಷ್ಟು ಕೈಗಳು ದಿನಾ ಕೆಲಸ ಮಾಡಬೇಕಿತ್ತು ಅಂತ ಅಲ್ಲಿ ನಡೆದಾಡಿದರೆ ಗೊತ್ತಾಗುತ್ತದೆ. ಚಂದ್ರವಳ್ಳಿಯ ಅಂಕಲಿ ಮಠದ ಕೋಣೆಗಳಿಗೂ ಇಳಿದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಬಗ್ಗಿ ಹೋಗಬೇಕು. ಟಾರ್ಚ್ ಆರಿಸಿದರೆ ನಮ್ಮ ಕೈ ನಮಗೇ ಕಾಣುವುದಿಲ್ಲ.

ಕೊನೆಗೆ ಓಬವ್ವನ ಕಿಂಡಿಯ ಹತ್ತಿರ ಬಹಳ ಹೊತ್ತು ಕೂತೆ. ಚಿಕ್ಕಂದಿನಿಂದ ನಾವು ಆ ಕಥೆಯನ್ನು ಒನಕೆಯ ಕಥೆ ಅಂತಲೇ ಕೇಳಿದ್ದೇವೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು, ಅವಳು ಒಬ್ಬೊಬ್ಬರನ್ನೇ ಬಡಿದಿದ್ದು. ಅವತ್ತು ನನಗೆ ಅದು ಒಂದು ಊಟದ ಕಥೆ ಅನ್ನಿಸಿತು. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ಅವಳು ನೀರಿಗೆ ಹೋಗಿದ್ದಾಳೆ. ಕೋಟೆಯ ಕಾವಲಿನಲ್ಲಿ ಒಂದು ಸಂದು ಬಿದ್ದಿದೆ. ಒಬ್ಬ ಮನುಷ್ಯ ಮುದ್ದೆ ಉಂಡು ಕೈ ತೊಳೆಯುವಷ್ಟು ಹೊತ್ತಿನ ಸಂದು. ಅಷ್ಟು ಹೊತ್ತು ಅವಳು ಆ ಪಾಳಿ ಹಿಡಿದಳು. ಯಾರೂ ಅವಳಿಗೆ ವಹಿಸಿದ್ದಲ್ಲ.

ಕೋಟೆ ಹೈದರಾಲಿಯ ಕೈಗೆ ಹೋದದ್ದು 1779ರಲ್ಲಿ. ಆದರೆ ಊರಿನ ನಾಲಿಗೆಯ ಮೇಲೆ ಉಳಿದಿರುವುದು ಆ ಊಟದ ಹೊತ್ತು.

ಇಲ್ಲಿ ನಾನು ಒಂದು ಗೆರೆ ಎಳೆದುಕೊಂಡೆ. ನಮ್ಮ ಆಟದ ಕೋಟೆ ಚಿತ್ರದುರ್ಗ ಅಲ್ಲ. ಏಕನಾಥೇಶ್ವರಿ ಆಟದೊಳಗೆ ಬರುವುದಿಲ್ಲ. ನಮ್ಮ ಅತ್ತೆ ಆ ತಾಯಿಗೆ ಹರಕೆ ಹೊತ್ತವರು. ಓಬವ್ವನನ್ನು ದೆವ್ವ ಮಾಡುವ ಮಾತಂತೂ ಇಲ್ಲವೇ ಇಲ್ಲ. ಒಬ್ಬ ಗೆಳೆಯ ‘ಹಂಗ್ ಮಾಡಿದ್ರೆ ಸಖತ್ತಾಗಿರುತ್ತೆ’ ಅಂದ. ನಾನು ಬೇಡ ಅಂದೆ. ಜನ ಈಗಲೂ ಕೈ ಮುಗಿಯುವ ಹೆಸರುಗಳನ್ನು ದಾಳದ ಮುಂದೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಆ ಸಿನಿಮಾದಲ್ಲೂ ನನಗೆ ಇಷ್ಟವಾದದ್ದು ಇದೇ. ಮಠವನ್ನು ಹೆದರಿಕೆಯ ಜಾಗ ಮಾಡಿದರೂ ಆ ಹೆಂಗಸರ ನಂಬಿಕೆಯನ್ನು ಅದು ಎಲ್ಲೂ ಹಗುರ ಮಾಡುವುದಿಲ್ಲ.

ಸಿನಿಮಾದ ಕೆಲವು ಭಾಗ ಚಿತ್ರೀಕರಣವಾದದ್ದು ರೊಮೇನಿಯಾದ ಹುನೆದೊಆರಾದಲ್ಲಿರುವ ಕೊರ್ವಿನ್ ಕೋಟೆಯಲ್ಲಿ. 15ನೇ ಶತಮಾನದ್ದು. ಅದರ ಅಂಗಳದಲ್ಲಿ ಸುಮಾರು 30 ಮೀಟರ್ ಆಳದ ಒಂದು ಬಾವಿ ಇದೆ. ಮೂವರು ತುರ್ಕಿ ಕೈದಿಗಳು ಅದನ್ನು ತೋಡಿದರಂತೆ. ನೀರು ಬಂದರೆ ಬಿಡುತ್ತೇವೆ ಅಂದಿದ್ದರು. 15 ವರ್ಷ ತೋಡಿ ನೀರು ತಂದ ಮೇಲೂ ಬಿಡಲಿಲ್ಲ. ಆಗ ಅವರು ಕಲ್ಲಿನ ಮೇಲೆ ‘ನಿಮಗೆ ನೀರಿದೆ, ಆತ್ಮ ಇಲ್ಲ’ ಅಂತ ಕೆತ್ತಿದರು ಎಂದು ಜನ ಹೇಳುತ್ತಾರೆ. ಬಲ್ಲವರು ಓದಿ ನೋಡಿದಾಗ ಅಲ್ಲಿದ್ದದ್ದು ಬೇರೆ. ಇದನ್ನು ಬರೆದವನು ಹಸನ್, ಚರ್ಚಿನ ಪಕ್ಕದ ಕೋಟೆಯಲ್ಲಿ ಅನ್ಯಧರ್ಮದವರ ಗುಲಾಮನಾಗಿ ಬದುಕುತ್ತಿದ್ದಾನೆ ಅಂತ. ನನಗೆ ಈ ಎರಡನೆಯದೇ ಹೆಚ್ಚು ಕಾಡುತ್ತದೆ. ಶಾಪ ಇಲ್ಲ, ಬೈಗುಳ ಇಲ್ಲ. ಒಬ್ಬ ಮನುಷ್ಯ ತಾನು ಇಲ್ಲಿದ್ದೇನೆ ಅಂತ ಬರೆದಿಟ್ಟಿದ್ದಾನೆ. ನಮ್ಮ ಆಟದ ಕೋಟೆಯಲ್ಲೂ ಗೋಡೆಯ ಮೇಲೆ ಮಂತ್ರ ಬರೆಯಲಿಲ್ಲ. ಪಾಳಿ ಹಿಡಿದವರ ಹೆಸರುಗಳನ್ನು ಬರೆದೆ. ಒಂದರ ಕೆಳಗೆ ಒಂದು, ಕೊನೆಯಲ್ಲಿ ಖಾಲಿ ಜಾಗ.

ಆಟದ ಶುರುವನ್ನು ದಿನಸಿ ತರುವ ಆ ಯುವಕನಿಂದ ಕಲಿತೆ. ದೊಡ್ಡ ಕೋಟೆಯಲ್ಲಿ ಏನೋ ತಪ್ಪಿದೆ ಅಂತ ಮೊದಲು ಗೊತ್ತಾಗುವುದು ರಾಜನಿಗಲ್ಲ, ಸಾಮಾನು ಹೊತ್ತು ಹೋಗುವವನಿಗೆ. ನಮ್ಮ ಕಥೆಯಲ್ಲಿ ಅವನು ಗಾಣದ ಎಣ್ಣೆ ತರುವವನು. ಪ್ರತಿ ಅಮಾವಾಸ್ಯೆಗೆ ಬೆಟ್ಟ ಹತ್ತಿ, ಮೇಲಿನ ಗುಡಿಯ ನಂದಾದೀಪಕ್ಕೆ ಎಣ್ಣೆ ಗಡಿಗೆ ಬಾಗಿಲಲ್ಲಿ ಇಟ್ಟು ಬರುತ್ತಾನೆ. ಈ ಸಲ ಹೋದರೆ ಹೋದ ತಿಂಗಳ ಗಡಿಗೆ ಹಾಗೇ ಇದೆ. ಅದರ ಪಕ್ಕದಲ್ಲಿ ಅದರ ಹಿಂದಿನ ತಿಂಗಳದ್ದು. ಒಳಗಿಂದ ತಾಳದ ಸದ್ದು ಮಾತ್ರ ಕೇಳಿಸುತ್ತಿದೆ.

ಇಷ್ಟು ಹೇಳಿ ನಾನು ಸುಮ್ಮನಾದೆ. ಎಣ್ಣೆಯವನ ಪಾತ್ರ ಹಿಡಿದಿದ್ದ ಗೆಳೆಯ ‘ನಾನು ಒಳಗೆ ಹೋಗಲ್ಲಪ್ಪ’ ಅಂದ.

ಅದಕ್ಕೂ ಮುಂಚಿನ ಒಂದು ಪ್ರಯತ್ನ ಕೆಟ್ಟಿತ್ತು. ಅದನ್ನೂ ಹೇಳಬೇಕು. ಮೊದಲ ಸಲ ಆಡಿಸಿದಾಗ ನಾನು ಸಿನಿಮಾದ ಹಾಗೆ ಬೆಚ್ಚಿಬೀಳಿಸಲು ಹೋದೆ. ಫೋನಿನಲ್ಲಿ ಕಿರುಚಾಟ, ಪಟ್ಟನೆ ದೀಪ ಆರಿಸುವುದು. ಆಮೇಲೆ ಒಂದು ಪಾತ್ರಕ್ಕೆ ಸತ್ತ ಅಪ್ಪನ ದನಿಯಲ್ಲಿ ಹೆಸರು ಹಿಡಿದು ಕರೆದೆ. ಆ ಪಾತ್ರ ಆಡುತ್ತಿದ್ದ ಗೆಳೆಯನ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಏನೂ ಹೇಳಲಿಲ್ಲ. ಎದ್ದು ಹೋಗಿ ಮಾಳಿಗೆಯ ಮೇಲೆ ನಿಂತ. ದೂರದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿದ್ದವು. ನಾನು ಪಕ್ಕದಲ್ಲಿ ನಿಂತು ತಪ್ಪಾಯಿತು ಅಂದೆ. ಅವತ್ತು ಆಟ ಅಲ್ಲಿಗೇ ನಿಲ್ಲಿಸಿದೆವು. ಅಂದಿನಿಂದ ಟೇಬಲ್ ನಡುವೆ ಒಂದು ಬಿಳಿ ಕಾರ್ಡ್ ಇಡುತ್ತೇವೆ. ಯಾರು ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ಬಿಡಬೇಕು. ಯಾಕೆ ಅಂತ ಕೇಳಬಾರದು. ಇದು ಬೇರೆ ಆಟಗಾರರು ಎಷ್ಟೋ ವರ್ಷದಿಂದ ಬಳಸುತ್ತಿರುವ ಕ್ರಮ. ನಾನು ಮೊದಲೇ ತರಬೇಕಿತ್ತು.

ಎರಡನೇ ಸಲ ಕಿರುಚಾಟ ಬಿಟ್ಟೆ, ತಾಳ ತಂದೆ.

ನಿಯಮ ಇಷ್ಟೇ. ಆಟ ನಡೆಯುವಷ್ಟು ಹೊತ್ತೂ ಯಾರಾದರೂ ಒಬ್ಬರು ಟೇಬಲ್ ಮೇಲೆ ಬೆರಳಿಂದ ತಾಳ ಹಾಕುತ್ತಿರಬೇಕು. ತಾಳ ಹಾಕುವವರು ದಾಳ ಹಾಕುವಂತಿಲ್ಲ, ತಮ್ಮ ಪಾತ್ರವಾಗಿ ಏನೂ ಮಾಡುವಂತಿಲ್ಲ. ಬೇರೆಯವರಿಗೆ ದಾಟಿಸಬಹುದು. ಆದರೆ ಇವರು ಬಿಡುವ ಮುಂಚೆ ಅವರು ಶುರು ಮಾಡಿರಬೇಕು. ಟೇಬಲ್ ಮೇಲೆ ಏಳು ಹಣತೆ. ಕೋಟೆಯ ಏಳು ಸುತ್ತಿಗೆ ಏಳು. ತಾಳ ನಿಂತಾಗೆಲ್ಲ ಒಂದು ಹಣತೆ ಆರಿಸುತ್ತೇನೆ. ಒಂದು ಸುತ್ತು ಹೋಯಿತು ಅಂತ ಅರ್ಥ. 2015ರಲ್ಲಿ ಬಂದ ‘ಟೆನ್ ಕ್ಯಾಂಡಲ್ಸ್’ ಎಂಬ ಆಟದಲ್ಲಿ ಹತ್ತು ಮೇಣದಬತ್ತಿ ಹಚ್ಚಿ ಆಡುತ್ತಾರೆ, ಎಲ್ಲ ಆರಿದಾಗ ಕಥೆ ಮುಗಿಯುತ್ತದೆ. ಹಣತೆಯ ಯೋಚನೆ ಬಂದದ್ದು ಅಲ್ಲಿಂದ. ತಾಳ ಅಜ್ಜನದು. ಆದರೆ ಅಜ್ಜನ ಕಂಚಿನ ತಾಳವನ್ನು ಟೇಬಲ್‌ಗೆ ತರಲಿಲ್ಲ. ಅದು ದೇವರ ಕೋಣೆಯಲ್ಲೇ ಇತ್ತು.

ಮೊದಲ ಅರ್ಧ ಗಂಟೆ ಎಲ್ಲರಿಗೂ ಇದು ಮಕ್ಕಳಾಟ ಅನ್ನಿಸಿತು. ಒಂದು ಗಂಟೆಯ ಹೊತ್ತಿಗೆ ಬೆರಳು ನೋಯತೊಡಗಿತು. ಕಿಂಡಿಯಲ್ಲಿ ಏನೋ ನುಸುಳುತ್ತಿದೆ ಅಂತ ನಾನು ಹೇಳಿದಾಗ, ಕತ್ತಿ ಇದ್ದ ಸಿಪಾಯಿಯ ಪಾತ್ರದವನೇ ತಾಳ ಹಿಡಿದಿದ್ದ. ಅವನ ಮುಖ ನೋಡಬೇಕಿತ್ತು. ದಾಟಿಸಲು ಪಕ್ಕದವಳ ಕಡೆ ತಿರುಗಿದ. ಅವಳು ನೀರು ಕುಡಿಯುತ್ತಿದ್ದಳು. ಆ ಗಡಿಬಿಡಿಯಲ್ಲಿ ಒಂದು ಹಣತೆ ಹೋಯಿತು. ಆಮೇಲೆ ಯಾರೂ ಕೇಳದೆ ನೀರಿಗೆ ಕೈ ಹಾಕಲಿಲ್ಲ.

ಮೂರು ಹಣತೆ ಉಳಿದಿದ್ದಾಗ ಕ್ರೈಸ್ತ ಗೆಳತಿಯ ಪಾತ್ರ ಮೇಲಿನ ಗುಡಿಗೆ ಕಾಲಿಟ್ಟಿತು. ಅವಳು ಪೂಜಾರಿಯ ಮಗಳು, ಇನ್ನೂ ದೀಕ್ಷೆ ಆಗಿಲ್ಲ. ಒಳಗೆ ಏನಿದೆ ಅಂತ ಕೇಳಿದಳು. ನಾನು ಹೇಳಿದೆ. ದೀಪ ಇಲ್ಲ. ಒಂಬತ್ತು ಜನ ಸುತ್ತಾಗಿ ಕೂತಿದ್ದಾರೆ, ಬೆನ್ನು ನಿನ್ನ ಕಡೆ. ತಾಳ ಹಾಕುತ್ತಿದ್ದಾರೆ. ಮೈಮೇಲೆ ಧೂಳು ಕೂತಿದೆ. ಯಾರೂ ಉಸಿರಾಡುತ್ತಿಲ್ಲ.

ಟೇಬಲ್ ಮೇಲೆ ಎಣ್ಣೆಯವನ ಬೆರಳು ಟಕ್ ಟಕ್ ಅನ್ನುತ್ತಲೇ ಇತ್ತು. ಅವನಿಗೆ ಹೊಳೆದದ್ದು ಎಲ್ಲರಿಗಿಂತ ಮೊದಲು. ಇಷ್ಟು ಹೊತ್ತು ಹೊರಗೆ ಕೇಳಿಸಿದ ತಾಳ ಇದೇ. ತಾನು ಹಾಕುತ್ತಿರುವುದೂ ಇದೇ.

‘ಈಗ ನಾನು ನಿಲ್ಲಿಸ್ಲಾ, ಬೇಡ್ವಾ?’ ಅಂತ ಕೇಳಿದ. ದನಿ ತಗ್ಗಿತ್ತು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಲ್ಲಿಸಿದರೆ ಹಣತೆ ಹೋಗುತ್ತದೆ. ನಿಲ್ಲಿಸದಿದ್ದರೆ ಅವನೂ ಆ ಸುತ್ತಿನಲ್ಲಿ ಹತ್ತನೆಯವನು. ಸಿನಿಮಾದಲ್ಲಿ ಆ ಹುಡುಗಿಗೆ ಸತ್ಯ ಗೊತ್ತಾಗುವುದು ಆಮೇಲೆ. ಇಲ್ಲಿ ನನ್ನ ಗೆಳೆಯನ ಬೆರಳಿನ ಕೆಳಗೇ ಅದು ನಡೆಯುತ್ತಿತ್ತು.

ಗೆಳತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನಾನು ಅವರ ನಡುವೆ ಕೂರ್ತೀನಿ. ಅವರಿಗೆ ಪಾಳಿ ಮುಗೀತು ಅಂತ ಯಾರೂ ಹೇಳಿಲ್ಲ, ಅಲ್ವಾ?’ ಅಂದಳು. ಕೈ ಚಾಚಿ ಟೇಬಲ್ ಮೇಲೆ ಬೇರೆ ಗತಿಯಲ್ಲಿ ತಾಳ ಶುರು ಮಾಡಿದಳು, ಸ್ವಲ್ಪ ನಿಧಾನವಾಗಿ. ಒಂದಷ್ಟು ಹೊತ್ತು ಎರಡೂ ತಾಳ ಒಟ್ಟಿಗೆ ಇದ್ದವು. ಆಮೇಲೆ ಎಣ್ಣೆಯವನು ಕೈ ತೆಗೆದ. ನಾನು ದಾಳ ಕೇಳಲಿಲ್ಲ. ಒಂಬತ್ತು ಜನರ ಕೈಗಳು ಒಂದೊಂದಾಗಿ ಮಡಿಲಿಗೆ ಇಳಿದವು ಅಂತ ಹೇಳಿದೆ. ಗೋಡೆಯ ಮೇಲಿನ ಖಾಲಿ ಜಾಗದಲ್ಲಿ ಅವಳು ತನ್ನ ಪಾತ್ರದ ಹೆಸರು ಬರೆದಳು.

ಆ ಕಥೆಯ ಕೊನೆಯ ಭಾಗ ಇನ್ನೂ ಆಡಿಲ್ಲ. ಅವಳು ಒಳಗೆ ಕೂತಿದ್ದಾಳೆ. ಉಳಿದವರು ನೆಲದಡಿಯ ಬಾಯಿ ಮುಚ್ಚಬೇಕು. ಮುಚ್ಚಿದರೂ ಅವಳು ಏಳಬಹುದೋ ಇಲ್ಲವೋ ಅಂತ ನಾವಿನ್ನೂ ವಾದ ಮಾಡುತ್ತಿದ್ದೇವೆ. ಪಾಳಿ ಹಂಚಿಕೊಳ್ಳಲು ಇನ್ನೊಬ್ಬರು ಬೆಟ್ಟ ಹತ್ತಬೇಕು ಅನ್ನುವುದು ಅವಳ ವಾದ.

ಈ ಶ್ರಾವಣದಲ್ಲಿ ಆಟದ ಗುಂಪಿನ ಮೂವರು ನಮ್ಮ ಹಳ್ಳಿಗೆ ಬಂದಿದ್ದರು. ಈಗ ಸಪ್ತ ಭಜನೆಗೆ ಜನ ಕಡಿಮೆ. ಹಗಲಲ್ಲಿ ಮೈಕ್ ಇರುತ್ತದೆ, ರಾತ್ರಿ ಆರಿಸುತ್ತಾರೆ. ಎರಡರ ಪಾಳಿಗೆ ನಾನು, ದೊಡ್ಡಪ್ಪ ಮತ್ತು ಇವರು. ಅಜ್ಜನ ತಾಳವನ್ನು ನಾನು ಜೋಳಿಗೆಯಲ್ಲಿ ತಂದಿದ್ದೆ. ಮೂರೂಕಾಲಿನ ಹೊತ್ತಿಗೆ ದೊಡ್ಡಪ್ಪ ಕಂಬಕ್ಕೆ ಒರಗಿದರು. ನನ್ನ ತೋಳು ಸೋತಿತ್ತು. ಎಣ್ಣೆಯವನ ಪಾತ್ರ ಆಡಿದ ಗೆಳೆಯ ನನ್ನ ಪಕ್ಕಕ್ಕೆ ಸರಿದು ಕೂತು, ಮೊದಲು ಅಂಗೈಯಿಂದ ತೊಡೆಯ ಮೇಲೆ ಹಾಕುತ್ತಾ ಗತಿ ಹಿಡಿದ. ಆಮೇಲೆ ಕೈ ಚಾಚಿದ. ನಾನು ತಾಳ ಕೊಟ್ಟು, ದೀಪಕ್ಕೆ ಎಣ್ಣೆ ಹಾಕಲು ಎದ್ದೆ.